ಬನ್ನಿ ಕೊಟ್ಟು ಬಾಗಿದವರು

ಬನ್ನಿ ಹಬ್ಬದಲ್ಲಿ ಯಾರು ಯಾರಿಗೆ ಬಾಗಬೇಕೆಂದು ನನಗೆ ಕಲಿಸಿದವರು ಅತ್ತೆ. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಬೆಳೆದ ನನಗೆ ಮೊಣಕಾಲೂರುವುದು ಗೊತ್ತಿತ್ತು, ಇದು ಗೊತ್ತಿರಲಿಲ್ಲ. ದಸರೆಯ ದಿನ ಬನ್ನಿ ಎಲೆಯನ್ನು ಬಂಗಾರವೆಂದು ಕೊಡಬೇಕು, ಸಣ್ಣವರು ದೊಡ್ಡವರ ಕಾಲು ಮುಟ್ಟಬೇಕು. "ದೊಡ್ಡವ್ರು ತಪ್ಪಿ ಬಾಗಿದ್ರ ಸಣ್ಣವ್ರ ಆಯುಷ್ಯ ಕಡಿಮಿ ಆಕೈತಿ, ನೋಡವಾ," ಎಂದಿದ್ದರು.

ಆ ವರ್ಷ ಸವಣೂರಿನ ದೊಡ್ಡ ಮನೆಗೆ ನಾವು ಹೆಂಗಸರೆಲ್ಲ ಬನ್ನಿಗೆ ಹೋಗಿದ್ದೆವು. ಅಪ್ಪ ಎಮ್ಮೆಲ್ಲೆ ಆಗಿದ್ದ ಮನೆ, ಅಪ್ಪನ ನಂತರ ಈಗ ಮಗ ಎಮ್ಮೆಲ್ಲೆ. ಅದು ದಾರೂಬಂದಿಯ ಕಾಲ, ಸೆರೆ ಮಾರುವುದೂ ಕುಡಿಯುವುದೂ ಅಪರಾಧ. ಲಾರಿ ಟ್ಯೂಬುಗಳಲ್ಲಿ ಕಳ್ಳಭಟ್ಟಿ ಸಾಗಿಸುತ್ತಿದ್ದವನಿಗೆ ಜನ ಟ್ಯೂಬ್ ಸಾಹುಕಾರ ಎಂದು ಹೆಸರಿಟ್ಟಿದ್ದರು. ಅವನ ಭಟ್ಟಿ ಉರಿಯುವುದೇ ದೊಡ್ಡ ಮನೆಯ ನೆರಳಿನಲ್ಲಿ ಎಂದು ಬಾವಿಕಟ್ಟೆಯಲ್ಲಿ ಎಲ್ಲರೂ ಅನ್ನುವರು. ಅದೇ ಬಾಯಲ್ಲಿ, ಕುಡಿತದ ಕೇಡಿನ ಬಗ್ಗೆ ಎಮ್ಮೆಲ್ಲೆಯವರ ಭಾಷಣ ಕೇಳಿ ಕಣ್ಣೊರೆಸಿಕೊಂಡೆವು ಎಂದೂ ಅನ್ನುವರು. ಯಾವುದನ್ನು ನಂಬಲಿ?

ಒಳಕೋಣೆಯ ಕಿಟಕಿಯಿಂದ ಪಡಸಾಲೆ ಕಾಣುತ್ತಿತ್ತು. ಟ್ಯೂಬ್ ಸಾಹುಕಾರ ಬಂದ. ಅವನ ಮೀಸೆ ಇನ್ನೂ ಕಪ್ಪು. ನರೆತ ತಲೆಯ ಎಮ್ಮೆಲ್ಲೆ ಎದ್ದು ನಿಂತು ಅವನ ಕೈಗೆ ಬನ್ನಿ ಕೊಟ್ಟರು. ಆಮೇಲೆ ಟೋಪಿ ಬೀಳದಂತೆ ಎಡಗೈಯಲ್ಲಿ ಹಿಡಿದುಕೊಂಡು, ಬಾಗಿ, ಅವನ ಕಾಲು ಮುಟ್ಟಿದರು. ಅವನು ಬ್ಯಾಡ್ರಿ ಎನ್ನಲಿಲ್ಲ, ಹಿಂದೆ ಸರಿಯಲೂ ಇಲ್ಲ.

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ, ನಮ್ಮ ಮನೆಗೆ ವೀಳ್ಯದೆಲೆ ತರುತ್ತಿದ್ದ ಹೆಂಗಸು ಕಟ್ಟೆಯ ಮೇಲೆ ಕುಸಿದು ಕುಳಿತಳು. ಎಲೆಬುಟ್ಟಿ ಹೇರಿಕೊಂಡು ಹೋಗಿದ್ದ ಅವಳ ಗಂಡನ ಚಕ್ಕಡಿಯನ್ನು ಹಂಸಭಾವಿಯ ಹತ್ತಿರ ಪೊಲೀಸರು ಹಿಡಿದಿದ್ದರು. ಎಲೆಯ ಕೆಳಗೆ ಟ್ಯೂಬುಗಳು. ಗಂಡ ಹಿರೇಕೆರೂರಿನ ಲಾಕಪ್ಪಿನಲ್ಲಿದ್ದ.

"ಬುಟ್ಟಿ ಹೇರಿದ್ದು ದೊಡ್ಡ ಮನಿ ಹಿತ್ತಲದಾಗರಿ ಬಾಯಾರ. ಟ್ಯೂಬ್ ಸಾಹುಕಾರನ ನಿಂತು ಹೇರಿಸ್ಯಾನ. ಈಗ ಆ ಮನಿಯವ್ರು, ಸಾಹುಕಾರ ಯಾರಂತನ ಗೊತ್ತಿಲ್ಲ ಅನ್ನಾಕತ್ತಾರ. ನೀವು ಬನ್ನಿಗೆ ಹೋಗಿದ್ರಲ್ಲ, ಅವನ್ನ ಆ ಮನ್ಯಾಗ ನೋಡಿದ್ದು ಹೇಳ್ರಿ. ನನ್ನ ಗಂಡ ಹೊರಗ ಬರ್ತಾನ."

ಹೇಳುತ್ತೇನೆ ಎಂದೆ. ನನ್ನ ಯಜಮಾನರು ವಕೀಲರು, ಅವಳ ಗಂಡನ ವಕಾಲತ್ತು ಅವರದೇ. ಊಟದ ಹೊತ್ತಿನಲ್ಲಿ ವಿಷಯ ತೆಗೆದೆ. ರೊಟ್ಟಿ ಮುರಿಯುತ್ತ ನಕ್ಕರು.

"ಕಾಲು ಮುಟ್ಟಿದ್ರ ಭಟ್ಟ್ಯಾಗ ಪಾಲುದಾರ ಆಗ್ತಾರೇನ? ಚುನಾವಣಿ ಬಂತು. ಕಾರ್ಯವಾಸಿ ಕತ್ತಿ ಕಾಲು ಹಿಡಿ ಅಂತಾರ."

"ಗುರುತೇ ಇಲ್ಲದವನ ಕಾಲು ಹಿಡೀತಾರೇನ್ರಿ?"

"ಬನ್ನಿ ದಿನ ವೈರಿಗೂ ಬಂಗಾರ ಕೊಡ್ತಾರ. ನಿನಗೂ ಕೊಟ್ಟಾರಲ್ಲ, ನೀನೂ ಟ್ಯೂಬ್ ಹೊರ್ತಿಯೇನವಾ ಅಂತ ಎದುರಿನ ವಕೀಲ ಕೇಳ್ತಾನ." ತಾಟನ್ನು ಪಕ್ಕಕ್ಕೆ ಸರಿಸಿ, "ಆದ್ರೂ ಬಾ. ನಮ್ಮ ಕಡೆ ಹೇಳೋರು ನೀ ಒಬ್ಬಾಕಿನ," ಎಂದರು.

ಹಿರೇಕೆರೂರಿನ ಕೋರ್ಟಿನಲ್ಲಿ ನನ್ನ ಸರದಿ ಬರಲೇ ಇಲ್ಲ. ಎಲೆಗಾರ್ತಿಯ ಗಂಡ ಎದ್ದು ನಿಂತು, "ನಾನ ಹೇರೇನ್ರಿ, ಇದರಾಗ ಯಾರ ಸಂಬಂಧನೂ ಇಲ್ರಿ," ಎಂದುಬಿಟ್ಟ. ಯಜಮಾನರು ಕಾಗದ ಕೆಳಗಿಟ್ಟರು. ನಾನು ಅವಳತ್ತ ತಿರುಗಿದೆ. ತಲೆ ತಗ್ಗಿಸಿ ತನ್ನ ಬಳೆಗಳನ್ನು ನೋಡುತ್ತಿದ್ದಳು. ಮೊಣಕೈಯ ತನಕ ಹಸಿರು ಬಳೆ, ಒಂದೂ ಒಡೆದಿರಲಿಲ್ಲ, ಅಂದೋ ಹಿಂದಿನ ದಿನವೋ ಇಡಿಸಿಕೊಂಡಂತಿದ್ದವು. ಎಲೆ ಮಾರುವವಳಿಗೆ ಯಾರು ಇಡಿಸಿದರೋ. ಅವನಿಗೆ ಶಿಕ್ಷೆಯಾಯಿತು.

ಮುಂದಿನ ದಸರೆಯ ಹೊತ್ತಿಗೆ ಅವನು ಹೊರಗೆ ಬಂದು, ದೊಡ್ಡ ಮನೆಯ ಲಾರಿಯಲ್ಲಿ ಕೆಲಸಕ್ಕೆ ಸೇರಿದ್ದ. ಅವನಿಗೆ ಒಳ್ಳೆಯದಾಯಿತೆನ್ನಬೇಕೋ ಕೆಟ್ಟದ್ದಾಯಿತೆನ್ನಬೇಕೋ ತಿಳಿಯದೆ ನಾನು ಆ ಮಾತನ್ನೇ ತೆಗೆಯುತ್ತಿರಲಿಲ್ಲ.

ಬನ್ನಿಯ ಸಂಜೆ ಎಲೆಗಾರ್ತಿ ಬಂದಳು. ಬನ್ನಿ ಎಲೆಯನ್ನು ನನ್ನ ಕೈಗಿಟ್ಟು, ನನ್ನ ತಾಯಿಯ ವಯಸ್ಸಿನ ಆ ಹೆಂಗಸು ಬಾಗಿ ನನ್ನ ಕಾಲು ಹಿಡಿದಳು.

"ಅಯ್ಯ, ನೀವು ದೊಡ್ಡವ್ರು, ಬ್ಯಾಡ್ರಿ," ಎಂದು ಹಿಂದೆ ಸರಿಯಲು ನೋಡಿದೆ. ಬಿಡಲಿಲ್ಲ.

"ಇರಲಿ ಬಾಯಾರ. ಆ ಬನ್ನ್ಯಾಗ ನೀವು ಏನೂ ನೋಡಿಲ್ಲ. ಹೌದಲ್ರಿ?"

ಬೇಡಿಕೊಳ್ಳುತ್ತಿದ್ದಳೋ, ದೊಡ್ಡ ಮನೆಯಿಂದ ಹೇಳಿಕಳಿಸಿದ ಮಾತನ್ನು ಮುಟ್ಟಿಸುತ್ತಿದ್ದಳೋ. ಅಂಗೈ ತಣ್ಣಗಿತ್ತು, ಹಿಡಿತ ಮಾತ್ರ ಬಿಗಿ.

"ಬಂಗಾರದಂಗ ಇರೋಣು," ಎಂದೆ. ಹಬ್ಬದ ದಿನ ಎಲ್ಲರಿಗೂ ಹೇಳುವ ಮಾತು ಅದೊಂದೇ ನೆನಪಿಗೆ ಬಂತು. ಅವಳು ಕಾಲು ಬಿಟ್ಟಳು.