ಬೀರುವಿನೊಳಗಿನ ಕರ್ಪೂರ

ತಂಗಮಣಿಗೆ ಕೊಳೆ ಕಂಡರೆ ಆಗದು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹನ್ನೆರಡು ವರ್ಷ ಬಟ್ಟೆಯ ಕಲೆ ಹುಡುಕಿ ಪಳಗಿದ ಕಣ್ಣು ಅವಳದು. ಕಂಪನಿ ಬಾಗಿಲು ಹಾಕಿದ ಮೇಲೆ ಕೊಯಮತ್ತೂರಿನ ಒಂದು ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿಗೆ ಸಹಾಯಕಿಯಾಗಿ ಸೇರಿದಳು. ವರ್ಷವರ್ಷವೂ ನವೀಕರಿಸಬೇಕಾದ ಗುತ್ತಿಗೆ ಕೆಲಸ; ಮಗಳ ನರ್ಸಿಂಗ್ ಓದು ಅದನ್ನೇ ನಂಬಿಕೊಂಡಿತ್ತು.

ಬಟ್ಟೆಯ ಗುಂಡಿಯಷ್ಟಿದ್ದ ಪ್ಲಾಟಿನಂ ಬಿಲ್ಲೆಯನ್ನು ನುಣ್ಣನೆಯ ಪುಡಿ ಹಾಕಿ ಮುಖ ಕಾಣುವವರೆಗೆ ಉಜ್ಜುವುದು ಅಲ್ಲಿ ಅವಳ ಮುಖ್ಯ ಕೆಲಸ. ಅದನ್ನು ದ್ರಾವಣದಲ್ಲಿಟ್ಟು, ವಿದ್ಯುತ್ ಕೊಟ್ಟು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹಾಯಿಸುತ್ತಿದ್ದವಳು ಚೈತನ್ಯಾ, ಹಾಸನದಿಂದ ಸಂಶೋಧನೆಗೆ ಬಂದ ಹುಡುಗಿ. ಲೋಹಕ್ಕೆ ಅಂಟಿಕೊಂಡ ಅಣು ತನಗೆ ಒಗ್ಗುವ ಬೆಳಕನ್ನಷ್ಟೇ ನುಂಗುತ್ತದೆ, ನುಂಗಿದ ಕಡೆ ಕಂಪ್ಯೂಟರಿನ ಗೆರೆಯಲ್ಲಿ ಗುಡ್ಡ ಏಳುತ್ತದೆ, ಗುಡ್ಡ ಎದ್ದ ಜಾಗ ನೋಡಿ ಅಣು ಯಾವುದೆಂದು ಹೇಳಬಹುದು ಎಂದು ಅವಳೇ ವಿವರಿಸಿದ್ದಳು. ತಂಗಮಣಿಯ ಮನೆಮಾತೂ ಕನ್ನಡವೇ, ಅಕ್ಷರ ಮಾತ್ರ ಬಾರದು. ಮನೆಯ ಹೊರಗೂ ಕನ್ನಡ ಆಡಲು ಒಂದು ಜೀವ ಸಿಕ್ಕಿತೆಂದು ಅವಳಿಗೆ ಒಳಗೊಳಗೇ ಹಿಗ್ಗು.

ಆ ವರ್ಷ ನವರಾತ್ರಿ ಕಳೆದ ಮೇಲೆ ಗೆರೆಯಲ್ಲಿ ಹೊಸದೊಂದು ಗುಡ್ಡ ಎದ್ದಿತು. ದ್ರಾವಣದ ಮೆಥನಾಲ್ ಲೋಹದ ಮೇಲೆ ಒಡೆಯುವಾಗ ನಡುವೆ ಹುಟ್ಟಿ ಮಾಯವಾಗುವ ಯಾವುದೋ ಅಣು ಕೊನೆಗೂ ತನ್ನ ಕೈಗೆ ಸಿಕ್ಕಿಬಿದ್ದಿದೆ ಎಂದು ಚೈತನ್ಯಾ ಕುಣಿದಾಡಿದಳು. ಮೂರು ಸಲ ಮಾಡಿದರೂ ಗುಡ್ಡ ಅಲ್ಲೇ. ಮಾರ್ಗದರ್ಶಕ ಕುಮರೇಶನ್ ಸಾರ್ ಕೂಡ ತಲೆದೂಗಿದರು. ಸೋಮವಾರ ಪ್ರಬಂಧ ಕಳಿಸುವುದೆಂದು ನಿಶ್ಚಯವಾಯಿತು.

ಶನಿವಾರ ಮಧ್ಯಾಹ್ನ ಗಾಜಿನ ಸಾಮಾನಿನ ಬೀರು ಒರೆಸಲು ಹೋದ ತಂಗಮಣಿಯ ಕೈಗೆ ಕರ್ಪೂರದ ಡಬ್ಬಿ ಸಿಕ್ಕಿತು. ಆಯುಧಪೂಜೆಯ ದಿನ ಯಂತ್ರಕ್ಕೆ ಗಂಧ ಕುಂಕುಮ ಇಟ್ಟು, ಆರತಿ ಎತ್ತಿ, ಉಳಿದದ್ದನ್ನು ಅವಳೇ ಅಲ್ಲಿ ಇಟ್ಟಿದ್ದಳು. ದೇವರ ವಸ್ತುವನ್ನು ಎಲ್ಲೆಂದರಲ್ಲಿ ಬಿಸಾಡಲಾಗುತ್ತದೆಯೇ? ತೊಳೆದ ಗಾಜು, ಉಜ್ಜಿದ ಪ್ಲಾಟಿನಂ ಇರುವ ಆ ಬೀರುವಿಗಿಂತ ಮಡಿಯಾದ ಜಾಗ ಇಡೀ ಲ್ಯಾಬಿನಲ್ಲಿರಲಿಲ್ಲ. ಈಗ ನೋಡಿದರೆ ಮುಚ್ಚಳ ಸಡಿಲ, ತುಂಬಿದ್ದ ಡಬ್ಬಿ ಅರ್ಧ ಖಾಲಿ. ಯಾರೂ ಹಚ್ಚಿರಲಿಲ್ಲ; ತಾನಾಗಿ ಆವಿಯಾಗಿ ಹೋಗಿತ್ತು. ಹೋಗಿ ಬೀರುವಿನ ಗಾಜಿಗೆ, ಬಿಲ್ಲೆಗೆ ಅಂಟಿಕೊಂಡಿದೆ ಎಂಬುದು ಅವಳಿಗೆ ಹೊಳೆಯಿತು.

ಗುತ್ತಿಗೆ ನವೀಕರಣದ ಕಾಗದ ಅದೇ ವಾರ ಸಾರ್ ಮೇಜಿನ ಮೇಲೆ ಸಹಿಗಾಗಿ ಕಾದಿತ್ತು. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೋದರೆ ಕೇಳುವವರಿರಲಿಲ್ಲ. ಹಾಕಿಕೊಂಡಳು ಕೂಡ. ಗೇಟಿನವರೆಗೂ ನಡೆದಳು. ಮನೆಗೆ ಹೋಗುವ ಮೆಟ್ಟುಪಾಳ್ಯಂ ಬಸ್ಸು ಬಂದು ನಿಂತಿತು, ಹೊರಟೂ ಹೋಯಿತು. ಆ ಹುಡುಗಿ ನಾಳೆ ನಾಲ್ಕು ಜನರ ಮುಂದೆ ತಲೆತಗ್ಗಿಸಿ ನಿಂತರೆ ತನ್ನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ ಅನ್ನಿಸಿ ತಿರುಗಿ ಬಂದಳು.

“ನನ್ನ ಕಣ್ಣು, ನಿನ್ನ ಗುಡ್ಡ ಈ ಸೂಡಂ ಇರಬೌದು,” ಎಂದು ಕರ್ಪೂರದ ಡಬ್ಬಿಯನ್ನು ಚೈತನ್ಯಾಳ ಮುಂದಿಟ್ಟಳು. “ಬೀರೋ ಒಳಗೆ ಇಟ್ಟದ್ದು ನಾನೇ. ತಪ್ಪು ನಂದೇ.”

ಚೈತನ್ಯಾ ಪಕ್ಕದ ಲ್ಯಾಬಿನಿಂದ ಬೇರೆ ಗಾಜು ತಂದಳು, ಬಿಲ್ಲೆಯನ್ನು ಹೊಸದಾಗಿ ಉಜ್ಜಿಸಿದಳು, ಬೆಳಕು ಹಾಯಿಸಿದಳು. ಗುಡ್ಡವಿಲ್ಲ. ಬೇಕೆಂದೇ ಒಂದು ಚೂರು ಕರ್ಪೂರ ಹಾಕಿದಳು. ಅದೇ ಜಾಗದಲ್ಲಿ ಎದ್ದು ನಿಂತಿತು. ಕುರ್ಚಿಯಲ್ಲಿ ಕುಸಿದು ಬಿಕ್ಕಿಬಿಕ್ಕಿ ಅತ್ತಳು. ತಂಗಮಣಿಗೆ ಅಲ್ಲಿಂದ ಹೋಗಲೂ ಆಗದು, ನಿಲ್ಲಲೂ ಆಗದು. ಅಳು ಮುಗಿದ ಮೇಲೆ ಹುಡುಗಿ ಮೂಗು ಒರೆಸಿಕೊಂಡು ಅವಳ ಕೈ ಹಿಡಿದಳು.

“ನೀವು ಹೇಳದೇ ಇದ್ದಿದ್ರೆ ಕರ್ಪೂರನೇ ಹೊಸ ಅಣು ಅಂತ ಊರಿಗೆಲ್ಲ ಸಾರಿಬಿಡ್ತಿದ್ದೆ ಅಕ್ಕ.”

ಸೋಮವಾರ ಇಬ್ಬರೂ ಸಾರ್ ಎದುರು ನಿಂತರು. ಅವರು ಎರಡೂ ಗೆರೆಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ತಂಗಮಣಿ ಬೈಗುಳಕ್ಕೂ ಗುತ್ತಿಗೆ ತಪ್ಪುವುದಕ್ಕೂ ತಯಾರಾಗಿಯೇ ಬಂದಿದ್ದಳು. ಸಾರ್ ಬೈದದ್ದು ತಮ್ಮನ್ನೇ: ಅದೇ ಪೂಜೆಯಲ್ಲಿ ಕೈಮುಗಿದು ಪುರಿ ಕಡಲೆ ಮುಕ್ಕಿದ ತಮಗೂ ಇದು ಹೊಳೆಯಲಿಲ್ಲವಲ್ಲ ಎಂದು. ಶುದ್ಧವಾದ ಗೆರೆಯಿಂದಲೇ ಮತ್ತೆ ಶುರುಮಾಡೋಣ ಎಂದು ಚೈತನ್ಯಾಳಿಗೆ ಹೇಳಿ, ತಂಗಮಣಿಯ ಕಡೆ ತಿರುಗಿ ತಮಿಳಿನಲ್ಲಿ ಅಂದರು:

“ಮುಂದಿನ ವರ್ಷ ಪೂಜೆಯನ್ನು ವರಾಂಡದಲ್ಲಿ ಮಾಡಮ್ಮ.”

ವರಾಂಡದ ಮಾತು ತಂಗಮಣಿಯ ಕಿವಿಗೆ ಬೀಳಲೇ ಇಲ್ಲ. ಮುಂದಿನ ವರ್ಷ ಎಂದದ್ದಷ್ಟೇ ಬಿತ್ತು.