ಪುಂಜೇರಂಡ ಮನೆಯ ಒಂಟಿ ಗುಂಡು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿದ್ದ ಕಾಲ ಅದು. ನಮ್ಮ ಕಡೆ ಆಗ ನಿಮ್ಮ ಹೆಸರನ್ನು ಯಾರು ಕೇಳುತ್ತಿದ್ದರು? ಮೊದಲು ಕೇಳುತ್ತಿದ್ದುದು ಮನೆಹೆಸರು. ಅದು ಗೊತ್ತಾದರೆ ನಿಮ್ಮ ಮುತ್ತಜ್ಜನ ಜಗಳದಿಂದ ಹಿಡಿದು ನಿಮ್ಮ ಅವ್ವನ ಅಡುಗೆಯ ತನಕ ಎಲ್ಲಾ ಗೊತ್ತಾದಂತೆ.

ಹುದಿಕೇರಿ ಹತ್ತಿರದ ಅವ್ವನ ತವರಿನಲ್ಲಿದ್ದು ನಾನು ಶಾಲೆಗೆ ಹೋಗುತ್ತಿದ್ದೆ. ಪುಂಜೇರಂಡ ಮನೆ. ಪುಂಜ ಎಂಬ ಮೂಲಪುರುಷ ಬೆಟ್ಟ ದಾಟಿ ಬಂದು ಗದ್ದೆ ಮಾಡಿದನಂತೆ, ಅವನ ಮಕ್ಕಳು ಮೂರ್ನಾಡಿನವರೆಗೂ ಹಬ್ಬಿದರಂತೆ. ಹಬ್ಬಿದ್ದೆಲ್ಲಾ ಒಂದೊಂದಾಗಿ ಬತ್ತಿ, ಆ ಹೆಸರು ಹೇಳಲು ಕೊನೆಗೆ ಉಳಿದವರು ಅಜ್ಜ ಮತ್ತು ಅವರ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಾದ ನನ್ನ ಅವ್ವ ಮದುವೆಯಾಗಿ ಅಪ್ಪನ ಮನೆಹೆಸರಿಗೆ ಸೇರಿಹೋಗಿದ್ದಳು. "ನಾನಿಲ್ವಾ ಅಜ್ಜ?" ಅಂದರೆ, "ನೀನು ಬೇರೆ ಮನೆಯವಳು ಕುಂಞಿ" ಅನ್ನುತ್ತಿದ್ದರು. ಅವರದೇ ತಟ್ಟೆಯಿಂದ ಕಡಂಬಿಟ್ಟು ಕಿತ್ತು ತಿನ್ನುತ್ತಿದ್ದ ನನಗೆ ಎಷ್ಟು ಉರಿಯುತ್ತಿತ್ತು ಅಂತೀರಿ!

ಕುಂಞವ್ವ, ಅಂದರೆ ಅವ್ವನ ತಂಗಿ, ಗಟ್ಟಿಗಿತ್ತಿ. ಗಂಡುಮಕ್ಕಳಿಲ್ಲದ ಮನೆಗೆ ನಮ್ಮಲ್ಲಿ ಒಕ್ಕಪರಿಜೆ ಎಂಬ ಕ್ರಮವಿದೆ. ಮಗಳು ಮದುವೆಯಾಗಿಯೂ ತವರಲ್ಲೇ ಉಳಿಯುತ್ತಾಳೆ, ಹುಟ್ಟುವ ಮಕ್ಕಳು ಅವಳ ಮನೆಹೆಸರಿಗೇ ಸೇರುತ್ತಾರೆ. "ಅದಕ್ಕೆ ಒಪ್ಪೋನಿದ್ರೆ ಬರ್ಲಿ, ಇಲ್ದಿದ್ರೆ ಬಂದ ದಾರಿಗೆ ಸುಂಕವಿಲ್ಲ" ಎಂದು ಅವಳು ನೋಡಲು ಬಂದ ಗಂಡುಗಳನ್ನೆಲ್ಲಾ ಓಡಿಸಿದಳು. ಕೊನೆಗೆ ಮೂರ್ನಾಡಿನ ಮಿಲಿಟರಿಯವರೊಬ್ಬರು ನಗುತ್ತಾ ಒಪ್ಪಿದರು.

ಕುಂಞವ್ವನಿಗೆ ಹೆರಿಗೆನೋವು ಬಂದದ್ದು ಜಡಿಮಳೆಯ ಕಕ್ಕಡ ತಿಂಗಳ ಮದ್ದುಪಾಯಸದ ದಿನ. ಮದ್ದುಸೊಪ್ಪಿನ ರಸ ಬೆರೆಸಿದ ನೇರಳೆ ಬಣ್ಣದ ಪಾಯಸ. ಅದರ ಘಮ ಅಂಗಳದ ತುಂಬಾ. ತಿಂದ ಮೇಲೆ ಯಾರ ಉಚ್ಚೆ ಹೆಚ್ಚು ಕೆಂಪು ಎಂದು ನಾವು ಮಕ್ಕಳು ಪಂದ್ಯ ಕಟ್ಟಿದ್ದೆವು. ಅಜ್ಜ ಮಾತ್ರ ಜಗಲಿಯಲ್ಲಿ ಕೋವಿ ಒರೆಸುತ್ತಾ ಕೂತಿದ್ದರು. ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಇದು ಊರಿಗೇ ಗೊತ್ತಿದ್ದ ಲೆಕ್ಕ. ಹೆಣ್ಣು ಹುಟ್ಟಿದರೆ ಕೋವಿ ಗೋಡೆಯಲ್ಲೇ.

ಸೂಲಗಿತ್ತಿ ಬಾಗಿಲಿಗೆ ಬಂದು ಮೆಲ್ಲಗೆ "ಹೆಣ್ಣು, ಅಜ್ಜಾ" ಅಂದಳು. ಅಜ್ಜನ ಕೈ ನಿಂತಿತು.

"ಮುಗೀತು" ಅಂದರು, ಅಷ್ಟೇ. ಕೋವಿಯನ್ನು ಗೋಡೆಗೆ ತೂಗುಹಾಕಲು ಎದ್ದರು. ನನಗೆ ಅಳುವೇ ಬಂತು.

ಒಳಗಿನಿಂದ ಕುಂಞವ್ವ ಕೂಗಿದಳು. ಈಗಷ್ಟೇ ಹೆತ್ತವಳ ದನಿಯೇ ಅಲ್ಲ ಅದು: "ಏನಪ್ಪಾ ಮುಗ್ದಿದ್ದು? ಈ ಮನೆ ಹೆಸ್ರು ಉಳ್ಸೋಕೆ ನಿಂತವ್ಳು ನಾನು, ನಾನೇನು ಗಂಡಾ? ನನ್ ಹಾಗೇ ಇವ್ಳೂ ಉಳಿಸ್ತಾಳೆ. ಹೊಡೀರಿ ಗುಂಡು!"

ಅಜ್ಜ ಕೋವಿ ಹಿಡಿದೇ ಗೋಡೆಯ ಕಡೆಯಿಂದ ತಿರುಗಿದರು. ಆಮೇಲೆ ಸರಸರನೆ ಅಂಗಳಕ್ಕಿಳಿದು ಕೋವಿ ಎತ್ತಿದರು. ಢಂ! ಎರಡನೆಯದು ಕೇಳೀತೇನೋ ಎಂದು ಕಿವಿಗೊಟ್ಟು, ಕೇಳದಿದ್ದಾಗ, ಗದ್ದೆಯಲ್ಲಿದ್ದವರೆಲ್ಲಾ ಕೆಸರುಗಾಲಿನಲ್ಲೇ ಓಡಿಬಂದರು. "ಗಂಡಾ? ಗಂಡಾ?"

"ಪುಂಜೇರಂಡ!" ಎಂದು ಅಜ್ಜ ಕೂಗಿದರು. "ಪುಂಜೇರಂಡ ಹುಟ್ಟಿದ್ದಾಳೆ!"

"ಅಯ್ಯೋ, ಹೆಣ್ಣಿಗೂ ಗುಂಡಾ?" ಅಂದಳು ಪಕ್ಕದ ಮನೆಯ ಅಜ್ಜಿ.

"ಬಂದವಳು ಪಾಯಸ ತಿನ್ನು, ಬಾಯಿ ಮುಚ್ಚು!" ಎಂದು ಅಜ್ಜ ಗದರಿದರು.

ನಾನು ಅಂಗಳದ ತುಂಬಾ ಕುಣಿದೆ. ನನ್ನ ಮನೆಹೆಸರಲ್ಲ, ನಿಜ. ಆದರೂ ಗೆದ್ದವಳು ನಾನೇ ಅನ್ನಿಸಿತ್ತು.

ಆ ಕೂಸು ಪೊನ್ನವ್ವ ತನ್ನವ್ವನಂತೆಯೇ ಹಟ ಹಿಡಿದು ಒಕ್ಕಪರಿಜೆಯಲ್ಲೇ ಮದುವೆಯಾದಳು. ಇವತ್ತು ಪುಂಜೇರಂಡದವರೆಲ್ಲಾ ಸೇರಿದರೆ ಆ ಅಂಗಳ ಸಾಲುವುದಿಲ್ಲ. ಈಗಿನ ಮಕ್ಕಳು ಹುಟ್ಟುವುದು ಮಡಿಕೇರಿ, ಮೈಸೂರಿನ ಆಸ್ಪತ್ರೆಗಳಲ್ಲಿ. ಹೋದ ತಿಂಗಳು ಪೊನ್ನವ್ವನ ಮಗನಿಗೆ ಮಗಳು ಹುಟ್ಟಿದಳು. ಫೋನಿನಲ್ಲಿ ಫೋಟೋ ಬಂತು. ನನಗೆ ತಡೆಯಲಾಗಲಿಲ್ಲ. ಮನೆಯಿಂದ ಹೊರಗೆ ಬಂದು, ಗಂಟಲು ಹರಿಯುವ ಹಾಗೆ "ಪುಂಜೇರಂಡ!" ಎಂದು ಕೂಗಿದೆ. ಯಾರೂ ಓಡಿಬರಲಿಲ್ಲ.