ಗುಂಡು ಮೇಷ್ಟ್ರ ಬಲಗೈ

ಗುಂಡು ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬಾಟಲಿಯ ಗುಂಡನ್ನಂತೂ ಮೂಸಿಯೂ ನೋಡಿದವರಲ್ಲ. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಇಪ್ಪತ್ತೆರಡು ವಿಡಿಯೋ ಗೇಮ್ ಯಂತ್ರಗಳ ಒಂದು ಹಾಲ್ ಇದೆ. ಮೂವತ್ತೊಂದು ವರ್ಷದಿಂದ ಅಲ್ಲಿಯ ರಿಪೇರಿ ಇವರದು. ಆರು ಯಂತ್ರಗಳಲ್ಲಿ ಪರದೆಯ ಕೆಳಗೆ ಅಂಗೈಯಿಂದ ಉರುಳಿಸುವ ಚೆಂಡೊಂದು ಅರ್ಧ ಹೂತಿರುತ್ತದೆ. ಅದಕ್ಕೆ ಟ್ರ್ಯಾಕ್‌ಬಾಲ್ ಎನ್ನುತ್ತಾರೆ, ಮೇಷ್ಟ್ರಿಗೆ ಅದು ಗುಂಡು. ಉಳಿದ ಹದಿನಾರಕ್ಕೆ ಜಾಯ್‌ಸ್ಟಿಕ್, ಅದು ಇವರ ಬಾಯಲ್ಲಿ ಹಿಡಿ. ಗುಂಡು ರಿಪೇರಿಯ ಮೇಸ್ತ್ರಿ ಜನರ ಬಾಯಲ್ಲಿ ಗುಂಡು ಮೇಷ್ಟ್ರಾದರು.

ಈ ಯಂತ್ರಗಳನ್ನು ಮಾಡಿದವರು ಎಂದೋ ಅಂಗಡಿ ಮುಚ್ಚಿಕೊಂಡು ಹೋದರು. ಬಿಡಿಭಾಗ ಬೇಕೆಂದರೆ ಸತ್ತ ಯಂತ್ರದಿಂದ ಕಿತ್ತು ಬದುಕಿರುವುದಕ್ಕೆ ಹಾಕಬೇಕು. ಹೇಳಿದಷ್ಟು ಸುಲಭವಲ್ಲ. ಗುಂಡು ಉರುಳಿದಾಗ ಕೆಳಗೊಂದು ಹಲ್ಲಿನ ಚಕ್ರ ತಿರುಗುತ್ತದೆ, ಯಂತ್ರ ಆ ಹಲ್ಲುಗಳನ್ನು ಎಣಿಸುತ್ತದೆ. ಗಾಲ್ಫ್ ಆಟದ ಚಕ್ರಕ್ಕೆ ಹಲ್ಲು ಹೆಚ್ಚು. ಅದನ್ನು ಹಾಗೇ ಒಯ್ದು ಬೌಲಿಂಗ್ ಆಟಕ್ಕೆ ಹಾಕಿದರೆ ಮುಟ್ಟುವಷ್ಟರಲ್ಲಿ ಎಲ್ಲ ಪರದೆಯ ಆಚೆಗೆ ಹಾರುತ್ತದೆ. ಮೇಷ್ಟ್ರು ಎರಡು ಎಣಿಕೆಗೆ ಒಂದನ್ನು ನುಂಗುವ ಸಣ್ಣ ಸರ್ಕ್ಯೂಟ್ ಮಾಡಿ ನಡುವೆ ಬೆಸೆಯುತ್ತಿದ್ದರು. ಹಿಡಿಯದೂ ಇಂಥದೇ ಗೋಳು. ಕುಸ್ತಿ ಆಟದ ಹಿಡಿ ಎಂಟು ದಿಕ್ಕಿಗೆ ವಾಲುತ್ತದೆ, ಓಣಿಯೊಳಗೆ ಓಡುವ ಆಟಕ್ಕೆ ನಾಲ್ಕೇ ದಿಕ್ಕು ಸಾಕು. ತಗಡಿನಲ್ಲಿ ಚೌಕದ ತೂತು ಕೊರೆದು ಬುಡಕ್ಕೆ ಕೂರಿಸಿದರೆ ಅದು ಹೇಳಿದ ಮಾತು ಕೇಳುತ್ತದೆ. ಕೊನೆಗೆ ಸ್ಪ್ರಿಂಗು. ಬಿಗಿ ಅನ್ನಿಸಿದರೆ ಒಂದು ಸುತ್ತು ಕತ್ತರಿಸುವುದು. ಎಷ್ಟು ಬಿಗಿ ಸರಿ ಎನ್ನಲು ಅಳತೆಯೇನೂ ಇರಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿ ಆಡಿಸಿ ನೋಡುತ್ತಿದ್ದರು. ಅವರ ಕೈ ಹೂಂ ಅಂದರೆ ಹೂಂ.

ಈಚೆಗೆ ಎರಡು ವರ್ಷದಿಂದ ಹಾಲಿಗೆ ಬರುವವರು ಕಡಿಮೆಯಾದರು. ಬಟ್ಟೆ ಅಂಗಡಿ, ಹಾಲ್ ಎರಡರ ಯಜಮಾನರು ಒಂದು ಬೆಳಿಗ್ಗೆ ಮೆಟ್ಟಿಲಲ್ಲೇ ತಡೆದು ಹೇಳಿದರು.

"ಕಾಲ ಬದಲಾಯ್ತು ಮೇಷ್ಟ್ರೇ. ಎಲ್ಲರ ಕೈಯಲ್ಲೂ ಫೋನು. ಇವನ್ನೆಲ್ಲ ಗುಜರಿಗೆ ಹಾಕಿ, ಮೇಲೂ ಬಟ್ಟೆ ತುಂಬಿಸೋಣ ಅಂತಿದೀನಿ."

ಮೇಷ್ಟ್ರಿಗೆ ವಾದ ಮಾಡುವ ಚೈತನ್ಯ ಇರಲಿಲ್ಲ. ಯಂತ್ರದ ಹಿಂದೆ ಮಂಡಿಯೂರಿ ಧೂಳು ಕುಡಿದು ಎದ್ದರೆ ಸೊಂಟ ನೆಟ್ಟಗಾಗಲು ಅರ್ಧ ಗಳಿಗೆ ಬೇಕಾಗುತ್ತಿತ್ತು. ಆದರೆ ಆ ಇಪ್ಪತ್ತೆರಡು ಡಬ್ಬಗಳು ಹೋದರೆ ತಾನು ಯಾರು ಎಂಬ ಪ್ರಶ್ನೆ ಅವತ್ತಿಡೀ ಬೆನ್ನು ಬಿಡಲಿಲ್ಲ.

ಅಂದೇ ಸಂಜೆ ಅಂಚೆಯಣ್ಣ ಬಂದ. ಕೆಲಸ ಮುಗಿಸಿ, ಚೀಲವನ್ನು ಕಾಲಡಿ ಇಟ್ಟುಕೊಂಡು, ಹದಿನೆಂಟು ವರ್ಷದಿಂದ ಒಂದೇ ಯಂತ್ರದಲ್ಲಿ ಆಡುತ್ತಿದ್ದ ಮನುಷ್ಯ. ಆಟದ ನಡುವೆಯೇ ಕೈಬಿಟ್ಟ.

"ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ. ಹಿಡಿ ತೀರಾ ಸಡಿಲ. ಬಲಕ್ಕೆ ತಳ್ಳಿದ್ರೆ ಅಲ್ಲೇ ಬಿದ್ಕೊಂಡಿರತ್ತೆ, ವಾಪಸ್ ಬರಲ್ಲ. ಇದೊಂದೇ ಅಲ್ಲ, ಎಲ್ಲಾ ಹಾಗೇ. ಜನ ಯಾಕೆ ಬಿಟ್ರು ಅಂದ್ಕೊಂಡ್ರಿ?"

ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನಿನ್ನೆ ತಾನೇ ನೋಡಿದೀನಿ, ಬಿಗಿಯಾಗೇ ಇದೆ."

ಅಂಚೆಯಣ್ಣ ಚೀಲ ಎತ್ತಿಕೊಂಡು ಹೊರಟುಹೋದ. ಅವನು ಜಗಳಾಡಿದ್ದರೆ ವಾಸಿಯಿತ್ತು. ಮೇಷ್ಟ್ರು ಟೋಕನ್ ಕೊಡುವ ಹೆಂಗಸನ್ನು ಕರೆದರು. ಅವಳು ನಲವತ್ತು ದಾಟಿದ ಗಟ್ಟಿಗಿತ್ತಿ, ಎದುರಿನವರ ಮುಖ ನೋಡಿ ಮಾತು ಬದಲಿಸುವವಳಲ್ಲ.

"ಇದನ್ನ ಒಂದ್ಸಲ ಆಡ್ಸಿ ನೋಡಮ್ಮಾ."

ಅವಳು ಎರಡು ಬೆರಳಲ್ಲಿ ತಳ್ಳಿದಳು. "ಉಫ್ ಅಂದ್ರೆ ಹೋಗತ್ತಲ್ಲ ಮೇಷ್ಟ್ರೇ."

ಕಪಾಟಿನಲ್ಲಿ ಡಬ್ಬಿಯಿಂದ ಹೊರಗೇ ಬಾರದ ಒಂದು ಹೊಸ ಹಿಡಿ ಇತ್ತು. ಅದನ್ನು ಕೊಟ್ಟರು. "ಇದು ಸರಿಯಾಗಿದೆ" ಎಂದಳು. ಮೇಷ್ಟ್ರು ಅದನ್ನೇ ಹಿಡಿದು ತಳ್ಳಿದರು. ಅದು ಗೂಟ ಹೊಡೆದ ಹಾಗೆ ನಿಂತಿತ್ತು.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದಿದ್ದಳು.

"ನನ್ನ ಕೈಗೆ ಏನೋ ಆಗಿದೆ ಕಣೇ."

"ಗೊತ್ತು" ಎಂದಳು, ತುಳಿಯುವುದನ್ನು ನಿಲ್ಲಿಸದೆ.

"ಯಾವಾಗಿಂದ?"

"ಎರಡು ವರ್ಷ ಆಯ್ತು. ಡಬ್ಬಿ ಮುಚ್ಚಳನೆಲ್ಲ ನಾನೇ ಸಡಿಲ ಮಾಡಿಡ್ತೀನಿ. ನಲ್ಲಿನೂ ಪೂರ್ತಿ ತಿರುಗ್ಸಲ್ಲ."

"ಹೇಳಬಾರದಿತ್ತಾ?"

"ಹೇಳಿದ್ರೆ ಕೈ ಸರಿಹೋಗ್ತಿತ್ತಾ? ಕೂತು ಕೊರಗ್ತಿದ್ರಿ, ಅಷ್ಟೇ."

ಮೇಷ್ಟ್ರಿಗೆ ಅಳು ಬಂತು, ನಾಚಿಕೆಯೂ ಆಯಿತು. ಅವಳು ಮನೆಯಲ್ಲಿ ಇವರಿಗೋಸ್ಕರ ಮಾಡಿದ್ದನ್ನೇ ಇವರು ಹಾಲಿನಲ್ಲಿ ತಮಗೋಸ್ಕರ ಮಾಡಿಕೊಂಡಿದ್ದರು. ಕೈ ಸೋತಷ್ಟೂ ಹಿಡಿ ಬಿಗಿ ಅನ್ನಿಸಿ ಸುತ್ತಿನ ಮೇಲೆ ಸುತ್ತು ಕತ್ತರಿಸಿದ್ದರು. ಗುಂಡು ಭಾರ ಅನ್ನಿಸಿ, ತುಸು ಉರುಳಿಸಿದರೂ ಸಾಕಾಗಲೆಂದು ಎಣಿಕೆ ನುಂಗುವ ಸರ್ಕ್ಯೂಟುಗಳನ್ನು ತಾವೇ ಕಿತ್ತು ಹಾಕಿದ್ದರು. ಊರವರ ಆಟವನ್ನೆಲ್ಲ ತಮ್ಮ ಸೋತ ಕೈಗೆ ಹೊಂದಿಸಿಟ್ಟಿದ್ದರು.

ಮರುದಿನ ಡಾಕ್ಟರು ಮಣಿಕಟ್ಟಿನ ನರ ದುರ್ಬಲವಾಗಿದೆ, ವಿಶ್ರಾಂತಿ ಕೊಡಿ ಎಂದರು. ಅದು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಬರೆದುಕೊಡಲಿಲ್ಲ. ಮೇಷ್ಟ್ರು ಅಲ್ಲಿಂದ ನೆಟ್ಟಗೆ ಯಜಮಾನರ ಬಳಿ ಹೋದರು.

"ಫೋನಿನ ತಪ್ಪಲ್ಲ ಸಾರ್, ನಂದು. ಎಂಟು ದಿನ ಟೈಮ್ ಕೊಡಿ."

ಯಜಮಾನರು ಅವರ ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, "ಎಂಟೇ ದಿನ" ಎಂದರು.

ಕತ್ತರಿಸಿದ ಸ್ಪ್ರಿಂಗು ಮತ್ತೆ ಬೆಳೆಯುವುದಿಲ್ಲ. ಕೆಳಗೆ ವಾಷರ್ ಇಟ್ಟು ಎತ್ತರಿಸಬೇಕು. ಸ್ಕ್ರೂ ತಿರುಗಿಸುವಾಗ ಮೇಷ್ಟ್ರು ಪ್ರತಿ ಸುತ್ತಿಗೂ ನಿಂತು ಉಸಿರು ಬಿಡುತ್ತಿದ್ದರು. ಟೋಕನ್ ಹೆಂಗಸು ಪಕ್ಕದಲ್ಲಿ ನಿಂತು ಒಂದೊಂದನ್ನೇ ಆಡಿಸಿದಳು. "ಇನ್ನೊಂದು ಹಾಕಿ." "ಜಾಸ್ತಿ ಆಯ್ತು, ತೆಗೀರಿ." "ಈಗ ಸರಿ." ಅವಳು ಸರಿ ಅಂದದ್ದೇ ಸರಿ, ಮೇಷ್ಟ್ರ ಕೈಗೆ ಎಲ್ಲವೂ ಒಂದೇ ಥರ ಗೂಟವಾಗಿತ್ತು. ಗುಂಡುಗಳ ಸರ್ಕ್ಯೂಟನ್ನೂ ಮತ್ತೆ ಬೆಸೆದು ಅವಳಿಂದಲೇ ಉರುಳಿಸಿ ನೋಡಿದರು.

ಎಂಟನೆಯ ದಿನ ಮೇಷ್ಟ್ರೇ ಅಂಚೆ ಕಚೇರಿಗೆ ಹೋಗಿ, ತಪ್ಪಾಯಿತು ಎಂದು ಹೇಳಿ ಕರೆದುಕೊಂಡು ಬಂದರು. ಅಂಚೆಯಣ್ಣ ಚೀಲ ಕೆಳಗಿಟ್ಟು ಆಡತೊಡಗಿದವನು ಮುಕ್ಕಾಲು ಗಂಟೆ ತಲೆ ಎತ್ತಲಿಲ್ಲ. ಯಜಮಾನರು ದೂರದಿಂದ ನೋಡಿ, ಗುಜರಿಯವನಿಗೆ ಸದ್ಯಕ್ಕೆ ಬೇಡ ಎಂದು ಫೋನು ಮಾಡಿದರು.

"ನಿಮ್ಮ ಕೈ ಅಂದ್ರೆ ಕೈ ಮೇಷ್ಟ್ರೇ" ಎಂದ ಅಂಚೆಯಣ್ಣ, ಹೊರಡುವಾಗ.

"ಕೈ ನಂದಲ್ಲ" ಎಂದು ಮೇಷ್ಟ್ರು ಟೋಕನ್ ಹೆಂಗಸಿನ ಕಡೆ ತೋರಿಸಿದರು. "ಇನ್ಮೇಲೆ ಏನಿದ್ರೂ ಅವಳಿಗೆ ಹೇಳಿ."

ಅವನು ಹೋದ ಮೇಲೆ ಮೇಷ್ಟ್ರು ಅದೇ ಸ್ಟೂಲಿನ ಮೇಲೆ ಕೂತರು. ಹಳೆಯ ಅಭ್ಯಾಸದಂತೆ ಕಣ್ಣು ಮುಚ್ಚಿ ಹಿಡಿಯನ್ನು ಬಲಕ್ಕೆ ತಳ್ಳಿದರು. ಅಲುಗಲಿಲ್ಲ. ಬಲಗೈ ಮೇಲೆ ಎಡಗೈ ಇಟ್ಟು ತಳ್ಳಿದಾಗ ನಿಧಾನವಾಗಿ ವಾಲಿತು. ಕೈಬಿಟ್ಟ ಕೂಡಲೇ ಟಕ್ಕೆಂದು ನೆಟ್ಟಗೆ ನಿಂತಿತು. ಸರಿಯಾಗಿಯೇ ಇತ್ತು.